ಮುಟ್ಟದೆ ಮುದ್ದಿಸುವುದು

ಬೆಳಗಿನ ಹೊತ್ತು ನಮ್ಮ ಅವ್ವನನ್ನು ಮುಟ್ಟುವಂತಿರಲಿಲ್ಲ. ಸ್ನಾನ ಮಾಡಿ, ಗಳದ ಮೇಲೆ ಒಣಗಿದ್ದ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟಳೆಂದರೆ ಮುಗಿಯಿತು. ಅಡುಗೆಯಾಗಿ, ದೇವರಿಗೆ ನೈವೇದ್ಯವಾಗಿ, ಎಲ್ಲರೂ ಉಂಡು ಕೊನೆಗೆ ಅವಳ ಊಟವೂ ಆಗುವ ತನಕ ಅವಳು ದೇವರ ಪಾಲು. ಬಿಜಾಪುರದ ಕಡೆಯಿಂದ ಕಾರಕೂನಿಕೆಗೆಂದು ಪುಣೆಗೆ ಬಂದಿದ್ದ ಅಪ್ಪ ಹಿಡಿದಿದ್ದದ್ದು ಪೇಠೆಯ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆಗಳ ಬಿಡಾರ. ಆ ಇಕ್ಕಟ್ಟಿನಲ್ಲಿ ಅವ್ವನಿಗೆ ತಾಗದಂತೆ ಓಡಾಡುವುದನ್ನು ನಾನು ನಡೆಯಲು ಕಲಿತಾಗಲೇ ಕಲಿತಿರಬೇಕು.

ಅವಳು ಕೊಡುವುದೆಲ್ಲ ಮೇಲಿನಿಂದ. ನಾನು ಬೊಗಸೆ ಒಡ್ಡಿದರೆ ಶೇಂಗಾ ಉದುರಿಸುವಳು, ನೀರು ಎತ್ತರದಿಂದ ಸುರಿಯುವಳು. ತಟ್ಟೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿದ ಮೇಲೆ ನಾನು ಎತ್ತಿಕೊಳ್ಳಬೇಕು. ಮರೆತು ಹತ್ತಿರ ಹೋದರೆ, "ಅಲ್ಲೇ ನಿಂದ್ರು, ಮಡಿಯಾಗಿದ್ದೇನಿ" ಎನ್ನುತ್ತಿದ್ದಳು. ಗದರಿಸುತ್ತಿರಲಿಲ್ಲ. ಆದರೆ ಕಾಲುಗಳು ತಾವಾಗಿಯೇ ನಿಲ್ಲುತ್ತಿದ್ದವು.

ಒಮ್ಮೆ ನನಗೆ ಜೋರು ಜ್ವರ. ಅಪ್ಪ ಹಣೆಗೆ ಒದ್ದೆಬಟ್ಟೆ ಹಾಕಿ ಆಫೀಸಿಗೆ ಹೋದರು. ಅವ್ವ ಒಲೆ ಸಣ್ಣ ಮಾಡಿ ಬಂದು, ನನ್ನ ಹಾಸಿಗೆಯಿಂದ ಒಂದು ಮೊಳ ದೂರ ಕೂತು, ತನ್ನ ತವರಿನ ಎಮ್ಮೆ ಹೊಳೆ ದಾಟಿ ಓಡಿಹೋದ ಕತೆ ಹೇಳಿದಳು. ನಡುನಡುವೆ ಎದ್ದು ಹೋಗಿ ಸಾರು ತಿರುವಿ ಬರುವಳು, ಬಿಟ್ಟಲ್ಲಿಂದ ಮುಂದುವರಿಸುವಳು. ಎಮ್ಮೆ ಸಿಕ್ಕಿತೋ ಇಲ್ಲವೋ ನೆನಪಿಲ್ಲ. ಪಕ್ಕದ ಮನೆಯ ಮರಾಠಿ ಹುಡುಗಿ ನೆಗಡಿಯಾದರೂ ತಾಯಿಯ ಹೆಗಲೇರುತ್ತಿದ್ದಳು. ನನ್ನ ಅವ್ವ ಮಾತ್ರ ಇಂಥವಳ್ಯಾಕೆ ಎಂದು ಗೋಡೆ ಕಡೆ ತಿರುಗಿ ಅತ್ತದ್ದು ನೆನಪಿದೆ.

ನಾನು ಕಾಲೇಜಿನಲ್ಲಿದ್ದಾಗ ಭಾಂಡೆ ತಿಕ್ಕಲು ಬರುತ್ತಿದ್ದವಳು ಕಲಬುರ್ಗಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅವಳು ತಿಕ್ಕಿಟ್ಟ ಪಾತ್ರೆಗಳಿಗೆ ಅವ್ವ ಮತ್ತೆ ನೀರು ಹಾಕಿಯೇ ಒಳಗೆ ಒಯ್ಯುವಳು. ಒಂದು ಮುಂಜಾನೆ ಆ ಹೆಂಗಸು ನಳದ ಬಳಿ ಜಾರಿ ಬಿದ್ದಳು. ಅವ್ವ ಓಡಿ ಬಂದಳು, ಬಂದು ಎರಡೂ ಕೈ ಎದೆಗೊತ್ತಿಕೊಂಡು ನಿಂತಳು. "ಅಯ್ಯ, ಪೆಟ್ಟು ಭಾಳ ಆತೇನವಾ? ಏಳಾಕ ಬರ್ತದೇನು?" ಕೈ ಮಾತ್ರ ಕೆಳಗಿಳಿಯಲಿಲ್ಲ. ನಾನೇ ಹೋಗಿ ಅವಳನ್ನು ಎಬ್ಬಿಸಿದೆ.

ಆವತ್ತು ಮಡಿಯ ಮೇಲಿನ ನನ್ನ ಮನಸ್ಸು ಮುರಿಯಿತು. ಮಡಿಯ ಹಿಂದೆ ಏಕಾದಶಿ ಹೋಯಿತು, ಸ್ತೋತ್ರ ಹೋಯಿತು, ಕೆಲವು ವರ್ಷಗಳಲ್ಲಿ ದೇವರೂ ಹೋದ. ಮರಾಠಿ ಸಹೋದ್ಯೋಗಿಯೊಬ್ಬನನ್ನು ರಿಜಿಸ್ಟರ್ ಮದುವೆಯಾಗಿ ಪುಣೆಯ ಅಂಚಿನ ಹಡಪಸರಕ್ಕೆ ಬಂದೆ. ನಮ್ಮ ಮನೆಯಲ್ಲಿ ದೇವರ ಗೂಡಿಲ್ಲ. ಅವ್ವ ಆಗೀಗ ಬರುವಳು, ಬರುವಾಗ ಬಾಳೆಹಣ್ಣು, ನೀರಿನ ತಂಬಿಗೆ ತಂದುಕೊಳ್ಳುವಳು. ಅಷ್ಟರ ಮಟ್ಟಿಗೆ ಇಬ್ಬರೂ ಒಪ್ಪಂದಕ್ಕೆ ಬಂದಿದ್ದೆವು.

ಹೀಗಿರುವಾಗ ನನ್ನ ನಾದಿನಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಅವಳ ಗಂಡನಿಗೆ ಭೋಸರಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಅವರ ಐದು ವರ್ಷದ ಮಗಳನ್ನು ನಮ್ಮಲ್ಲಿ ಬಿಟ್ಟರು. ಮಗು ಹೆಚ್ಚು ಮಾತಾಡುತ್ತಿರಲಿಲ್ಲ. ಯಾರಾದರೂ ಮುಟ್ಟಿದರೆ ಸುಟ್ಟಂತೆ ಕಿರುಚುತ್ತಿತ್ತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದು ಬಹಳ ಆಮೇಲೆ. ಆಗ ಬಳಗದಲ್ಲೆಲ್ಲ ಅದು ಹಟಮಾರಿ ಎಂದೇ ಲೆಕ್ಕ. ಎಲ್ಲರೂ ಪ್ರೀತಿಯಿಂದಲೇ ಎತ್ತಿಕೊಳ್ಳಲು ಹೋಗುವರು, ಅದು ಕಚ್ಚುವುದು, ಅವರು ಬೇಸರಪಟ್ಟು ಹಿಂದಿರುಗುವರು.

ತಾಯಿ ಆಸ್ಪತ್ರೆಗೆ ಹೋದ ಮೇಲೆ ಮಗು ಅಡುಗೆಮನೆಯ ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು ಕೂತಿತು. ನನ್ನ ಗಂಡ ಹತ್ತಿರ ಹೋದ, ಅದು ಚೀರಿತು. ಅವನು ಗಾಬರಿಯಾಗಿ ನನ್ನ ಕಡೆ ನೋಡಿದ. ನಾನು ಏನನ್ನೂ ಯೋಚಿಸಲಿಲ್ಲ. ಒಂದು ಮೊಳ ಬಿಟ್ಟು ನೆಲದ ಮೇಲೆ ಕೂತು, ಚುರುಮುರಿಯ ತಟ್ಟೆ ಇಟ್ಟು ಹಿಂದೆ ಸರಿದೆ. ಸ್ವಲ್ಪ ಹೊತ್ತಿಗೆ ಅದು ತಟ್ಟೆ ಎಳೆದುಕೊಂಡಿತು. ಖಾಲಿಯಾದ ಮೇಲೆ ಅಂಗೈ ಚಾಚಿತು. ನಾನು ಎತ್ತರದಿಂದ ಚುರುಮುರಿ ಉದುರಿಸಿದೆ. ಅರ್ಧ ಕೈಗೆ, ಅರ್ಧ ನೆಲಕ್ಕೆ. ಅದು ನಕ್ಕಿತು! "ವರೂನ್" ಎಂದಿತು. ಮರಾಠಿಯಲ್ಲಿ ಮೇಲಿನಿಂದ ಎಂದರ್ಥ. ನಮ್ಮ ಮನೆಯಲ್ಲಿ ಅದರ ಮೊದಲ ಮಾತು ಅದೇ.

ಆಮೇಲೆ ಎಲ್ಲವೂ ವರೂನ್. ಸ್ನಾನಕ್ಕೆ ನಾನು ನೀರನ್ನು ಮೇಲಿನಿಂದ ಧಾರೆ ಬಿಟ್ಟರೆ ಅದು ತಾನಾಗಿ ಧಾರೆಯ ಕೆಳಗೆ ಬಂದು ನಿಲ್ಲುತ್ತಿತ್ತು. ಮಲಗುವಾಗ ನಮ್ಮಿಬ್ಬರ ನಡುವೆ ಮಡಚಿದ ಚಾದರ ಇಡುತ್ತಿದ್ದೆ. "ಇದನ್ನೆಲ್ಲ ಎಲ್ಲಿ ಕಲಿತೆ?" ಎಂದು ಗಂಡ ಕೇಳಿದ. ನನಗೆ ನಗು ಬಂತು. ತಬ್ಬಿಕೊಂಡೇ ಬೆಳೆದವನಿಗೆ ಹೇಗೆ ಹೇಳುವುದು? ಮುಟ್ಟದವರ ಪ್ರೀತಿ ಯಾವ ಕಡೆಯಿಂದ ಬರುತ್ತದೆ ಎಂದು ಮೈಗೆ ಗೊತ್ತಿರಬೇಕು. ನನ್ನ ಮೈಗೆ ಗೊತ್ತಿತ್ತು.

ಆ ವಾರ ಅವ್ವ ಬಂದಳು. ನಾನು ಏನೂ ಹೇಳಿರಲಿಲ್ಲ. ಅವಳು ಮಗುವನ್ನೊಮ್ಮೆ ನೋಡಿ, ಸರಿಯಾಗಿ ಎಲ್ಲಿ ಕೂರಬೇಕೋ ಅಲ್ಲಿ ಕೂತಳು. ತನ್ನ ಬಾಳೆಹಣ್ಣು ಅರ್ಧ ಸುಲಿದು ನೆಲದ ಮೇಲಿನ ತಟ್ಟೆಯಲ್ಲಿಟ್ಟು ಕೈ ಹಿಂದೆಗೆದಳು. ಮಗು ತಿಂದು, ಸಿಪ್ಪೆಯನ್ನು ಅದೇ ತಟ್ಟೆಯಲ್ಲಿಟ್ಟು ಅವಳಂತೆಯೇ ಹಿಂದೆ ಸರಿಯಿತು. "ಶಾಣ್ಯಾ ಕೂಸು" ಎಂದಳು ಅವ್ವ.

ಮಗು ಕಿಟಕಿಯ ಹತ್ತಿರ ಹೋದಾಗ ಕೇಳಿಯೇಬಿಟ್ಟೆ.

"ಅವ್ವಾ, ನನಗ ಜ್ವರ ಬಂದಾಗ ನೀ ಹಿಂಗ ದೂರ ಕೂತಿದ್ದಿ. ಮುಟ್ಟಬೇಕು ಅನಸ್ತಿದ್ದಿಲ್ಲೇನು ನಿನಗ?"

ಅವ್ವ ಸಿಪ್ಪೆಯನ್ನು ಮಡಚಿದಳು. "ಯಾವಾಗ ಊಟ ಮುಗದೀತು ಅಂತ ಕಾಯ್ತಿದ್ದೆ. ಗಬಗಬ ನಾಕು ತುತ್ತು ಉಂಡು ಓಡಿ ಬರ್ತಿದ್ದೆ. ಅಷ್ಟೊತ್ತಿಗೆ ನೀ ಮಲಗಿಬಿಟ್ಟಿರ್ತಿದ್ದಿ."

"ಎಬ್ಬಸಬೇಕಿಲ್ಲೋ?"

"ಜ್ವರದ ಕೂಸಿನ್ನ ಯಾರರ ಎಬ್ಬಸ್ತಾರೇನು? ಹಂಗ ತಲಿ ಸವರ್ಕೋತ ಕೂಡ್ತಿದ್ದೆ."

ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಪ್ರಯಾಣದ ಸೀರೆಯಲ್ಲಿದ್ದಳು, ಬಿಡಿಸಿಕೊಳ್ಳಲಿಲ್ಲ. ನಳದ ಬಳಿ ಬಿದ್ದವಳ ವಿಷಯ ನಾನು ತೆಗೆಯಲಿಲ್ಲ. ಅದನ್ನು ಮರೆತೆ ಎಂದಲ್ಲ. ಆ ಮುಂಜಾನೆಯ ಬಗ್ಗೆ ನನ್ನ ಮನಸ್ಸು ಇಂದಿಗೂ ಬದಲಾಗಿಲ್ಲ.

ಆಸ್ಪತ್ರೆಯಿಂದ ಬಂದ ನಾದಿನಿ ನಮ್ಮಲ್ಲೇ ಸ್ವಲ್ಪ ದಿನ ಉಳಿದಳು. ನಾನು ಮಗುವಿಗೆ ಉಣಿಸುವುದನ್ನು ನೋಡಿ ಅವಳಿಗೆ ಸಂಕಟವಾಯಿತು. "ಹಾಗಾದರೆ ನಾನು ಇವಳನ್ನು ಯಾವತ್ತೂ ಎತ್ತಿಕೊಳ್ಳಬಾರದೇ?" ಎಂದು ಮರಾಠಿಯಲ್ಲಿ ಕೇಳಿ ಅತ್ತಳು. ಅವಳನ್ನು ನನ್ನ ಜಾಗದಲ್ಲಿ ಕೂರಿಸಿ ಚುರುಮುರಿಯ ಬಟ್ಟಲು ಕೊಟ್ಟೆ. ಮೊದಲು ಕೈ ಬಹಳ ಕೆಳಗೆ ತಂದಳು, ಮಗು ಹಿಂಜರಿಯಿತು. ಇನ್ನೂ ಮೇಲೆ ಎಂದು ನಾನು ಸನ್ನೆ ಮಾಡಿದೆ. ಸಂಜೆಯ ಹೊತ್ತಿಗೆ ತಾಯಿಯೂ ಮಗಳೂ ಅಡುಗೆಮನೆಯ ತುಂಬ ಚುರುಮುರಿ ಚೆಲ್ಲಿದ್ದರು.

ಅವರು ಭೋಸರಿಗೆ ಮರಳಿದ ಮೇಲೆ ಅವ್ವ ದಿನಾ ಬೆಳಗ್ಗೆ ನನಗೆ ಫೋನ್ ಮಾಡತೊಡಗಿದಳು. ಸ್ನಾನಕ್ಕಿಂತ ಮೊದಲೇ ಮಾಡುವಳು, ಆಮೇಲೆ ಫೋನೂ ಮೈಲಿಗೆ. ನನ್ನ ಕ್ಷೇಮ ಕೇಳುತ್ತಿರಲಿಲ್ಲ.

"ಕೂಸು ನಿನ್ನೆ ಏನು ತಿಂತಂತ? ಕೇಳಿದೇನು?"