ಮೇಲೇರದ ನೀರು

ಪೈಪು ಕಂಪನಿಯ ಮಾದರಿ ಹೊಲದಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಎನ್ನುತ್ತಿದ್ದರು. ನೋಡಲು ಬಂದ ರೈತರನ್ನು ಸಾಲುಗಳ ನಡುವೆ ನಡೆಸುತ್ತ, ಗೇಣುದ್ದ ಆಳದಲ್ಲಿ ಹೂತ ಡ್ರಿಪ್ ಪೈಪು ನೇರವಾಗಿ ಬೇರಿಗೇ ನೀರುಣಿಸುವ ಬಗೆಯನ್ನು ಮೈಕು ಹಿಡಿದು ವಿವರಿಸುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಸೇರಿದ್ದು. "ನಮ್ಮ ನೀರು ಬಿಸಿಲಿಗೆ ಸಿಗಲ್ಲ, ಕಳೆಗೆ ಸಿಗಲ್ಲ, ಪಕ್ಕದ ಹೊಲದವರ ಕಣ್ಣಿಗೂ ಸಿಗಲ್ಲ" ಎಂದರೆ ಬಂದವರು ಹೊಟ್ಟೆ ಹಿಡಿದು ನಗುತ್ತಿದ್ದರು.

ಒಂದು ಮಾತನ್ನು ಮಾತ್ರ ಹೇಳುವಂತಿರಲಿಲ್ಲ. ಮರಳು ನೆಲದಲ್ಲಿ ಆ ನೀರು ಕೆಳಕ್ಕೇ ಇಳಿಯುತ್ತದೆ, ಮೇಲಿನ ಬೀಜದವರೆಗೆ ಏರುವುದಿಲ್ಲ. ಅದಕ್ಕೇ ಮಾದರಿ ಹೊಲದಲ್ಲಿ ಬಿತ್ತಿದೊಡನೆ ಸ್ಪ್ರಿಂಕ್ಲರ್ ಇಟ್ಟು ಮೊಳಕೆ ಬರಿಸುತ್ತಿದ್ದರು. ರೈತರ ಬಸ್ಸು ಬರುವ ಹೊತ್ತಿಗೆ ಅವೆಲ್ಲ ಗೋದಾಮು ಸೇರಿರುತ್ತಿದ್ದವು.

ಒಮ್ಮೆ ಬಸ್ಸಿನಿಂದ ಅವಳ ಒಡಹುಟ್ಟಿದ ತಮ್ಮನೇ ಇಳಿದ.

"ಅಕ್ಕಾ, ನಮ್ಮದು ಬರೀ ಮರಳು. ಅಲ್ಲೂ ಆಗುತ್ತಾ?"

ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದ.

"ಆಗುತ್ತಪ್ಪ, ಯಾಕಾಗಲ್ಲ," ಎಂದಳು.

ಮರುದಿನವೇ ತಮ್ಮನ ಮನೆಗೆ ಹೋದಳು. ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಹೇಳಿದಳು: "ಪೈಪು ಹೂಳು, ಬೇಡ ಅನ್ನಲ್ಲ. ಆದ್ರೆ ಮೊಳಕೆ ಬರೋವರೆಗೂ ಮೇಲಿಂದ ನೀರು ಕೊಡ್ಲೇಬೇಕು. ಸ್ಪ್ರಿಂಕ್ಲರ್ ಇಲ್ದೆ ಬಿತ್ತಬೇಡ."

"ನಿಮ್ಮ ಹೊಲದಲ್ಲಿ ಒಂದೂ ಕಾಣಲಿಲ್ವಲ್ಲ?"

"ಎತ್ತಿಡ್ತಾರೆ ಕಣೋ."

ಅಪ್ಪನ ಹೊಲ ಪಾಲಾದಾಗಿನ ಮುನಿಸು ಇಬ್ಬರಲ್ಲೂ ಪೂರ್ತಿ ಆರಿರಲಿಲ್ಲ. "ನಾಲ್ಕು ಜನರ ಮುಂದೆ ಒಂದು ಮಾತು, ಇಲ್ಲಿ ಇನ್ನೊಂದು," ಎಂದ ತಮ್ಮ. "ನಾನು ನಾಲ್ಕು ಕಾಸು ನೋಡೋದು ನಿನಗೆ ಸಹಿಸೋಕಾಗಲ್ಲ, ಅಷ್ಟೇ." ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅವಳ ಪಾಲಿಗೆ ಅಂದೇ ಸುಳ್ಳಾಯಿತು.

ಅವನು ಪೈಪು ಹೂಳಿಸಿ, ಸ್ಪ್ರಿಂಕ್ಲರ್ ಇಲ್ಲದೆಯೇ ಮುಸುಕಿನ ಜೋಳ ಬಿತ್ತಿದ. ಹುಟ್ಟಲಿಲ್ಲ. ಅವಳು ಹೋದಾಗ ಹೊಲದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಮರಳು ಕೆದಕುತ್ತಿದ್ದ. ಗೇಣು ಆಳದಲ್ಲಿ ಒದ್ದೆ, ಬೀಜದ ಸುತ್ತ ಹುಡಿಹುಡಿ. ಅವನು ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಅವನ ಹೆಂಡತಿ ಕೇಳಿದಳು: "ಅತ್ತಿಗೆ, ಮೊದಲ ಸಲವೇ ನಿಜ ಹೇಳೋಕೆ ನಿಮಗೇನಾಗಿತ್ತು?"



ತಮ್ಮ ಎರವಲು ಸ್ಪ್ರಿಂಕ್ಲರ್ ತಂದು ಮತ್ತೆ ಬಿತ್ತಿದ ಮೇಲೆ ಅವುಗಳ ನೀರು ಮುಟ್ಟಿದ ಅರ್ಧ ಹೊಲ ಹುಟ್ಟಿ ಹುಲುಸಾಗಿ ಬೆಳೆಯಿತು. ಕಂಪನಿಯವರಿಗೆ ಆ ಅರ್ಧವೇ ಸಾಕಾಯಿತು. ತಮ್ಮನಿಗೆ ಸ್ಪ್ರಿಂಕ್ಲರ್‌ಗಳನ್ನು ಪುಕ್ಕಟೆ ಕೊಟ್ಟರು, ಬಸ್ಸುಗಳನ್ನು ಅವನ ಹೊಲಕ್ಕೇ ತಿರುಗಿಸಿದರು. "ರೈತನೇ ಹೇಳಿದ್ರೆ ಜನ ಬೇಗ ನಂಬ್ತಾರೆ ಮೇಡಂ," ಎಂದು ಮ್ಯಾನೇಜರು ಅವಳನ್ನು ಗೋದಾಮಿಗೆ ಹಾಕಿದ.

ಬಂದ ರೈತರ ಮುಂದೆ ಸ್ಪ್ರಿಂಕ್ಲರ್ ಮಾತನ್ನು ತಮ್ಮನೂ ನುಂಗುತ್ತಿದ್ದಾನೆಂದು ಗೊತ್ತಾದಾಗ ಅವಳು ತಡೆಯಲಾರದೆ ಹೋಗಿ ಕೇಳಿದಳು: "ಅವರಿಗಾದ್ರೂ ನಿಜ ಹೇಳಬಾರದೇನೋ?"

"ನೀನು ನನಗೆ ಹೇಳಿದ್ಯಲ್ಲ, ನಾನು ನಂಬಿದ್ನಾ?" ಎಂದ. "ಅವರೂ ನಂಬಲ್ಲ, ಬಿಡು."

ಆಮೇಲೆ ಅವಳು ತಮ್ಮನ ಹೊಸ್ತಿಲು ತುಳಿಯಲಿಲ್ಲ. ಕಂಪನಿಯ ಕೆಲಸವನ್ನೂ ಬಿಡಲಿಲ್ಲ. ಬಿಟ್ಟರೆ ಹೊಟ್ಟೆಗೇನು ದಾರಿ?