ಮುಚ್ಚಳದ ಸದ್ದು

ಆಸ್ಪತ್ರೆಯ ಸಿಬ್ಬಂದಿ ಊಟ ಮಾಡುವ ಕೋಣೆಗೆ ಒಂದೇ ಬಾಗಿಲು. ಅದನ್ನು ತಳ್ಳಿ ಅವಳು ಒಳಗೆ ಕಾಲಿಟ್ಟಳೆಂದರೆ ಮೊದಲು ಕೇಳುವುದು ಮುಚ್ಚಳಗಳ ಸದ್ದು. ಸ್ಟೀಲಿನ ಡಬ್ಬಿ ಟಪ್ಪೆನ್ನುತ್ತಿತ್ತು, ಪ್ಲಾಸ್ಟಿಕ್ಕಿನದು ಚಟಕ್ಕೆನ್ನುತ್ತಿತ್ತು. ಯಾರೂ ಬೇಕೆಂದು ಮಾಡುತ್ತಿರಲಿಲ್ಲ. ಮಳೆಯ ಮೊದಲ ಹನಿ ಬಿದ್ದೊಡನೆ ಒಣಹಾಕಿದ ಬಟ್ಟೆಯತ್ತ ಕಾಲು ಓಡುವ ಹಾಗೆ, ಅವಳನ್ನು ಕಂಡೊಡನೆ ಕೈಗಳು ತಾವಾಗಿಯೇ ಮುಚ್ಚಳದತ್ತ ಹೋಗುತ್ತಿದ್ದವು.

"ಬನ್ನಿ ಮೇಡಂ, ನಮ್ದು ಈಗ್ತಾನೇ ಮುಗೀತು" ಎನ್ನುತ್ತಿದ್ದಳು ಎಕ್ಸ್‌ರೇ ಕೋಣೆಯ ಹುಡುಗಿ, ಬಾಯಲ್ಲಿದ್ದ ತುತ್ತನ್ನು ಒಂದು ದವಡೆಗೆ ಸರಿಸಿಕೊಂಡು.

ಅವಳು ನೀರಿನ ಬಾಟಲಿ ತುಂಬಿಸಿಕೊಂಡು, ಅದಕ್ಕೇ ಬಂದವಳಂತೆ, ತನ್ನ ಕೋಣೆಗೆ ಹಿಂದಿರುಗುತ್ತಿದ್ದಳು.

ರೋಗಿಗಳು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವುದು ಅವಳ ಕೆಲಸ. ಬಾಗಿಲ ಮೇಲಿನ ಹಲಗೆ ಅವಳನ್ನು ಆಹಾರ ಸಲಹೆಗಾರ್ತಿ ಎನ್ನುತ್ತಿತ್ತು. ಉಳಿದವರಿಗೆಲ್ಲ ಅವಳು ಪಥ್ಯದಮ್ಮ. ಕೋಣೆಯ ಗೋಡೆಯ ಮೇಲೆ ಯಾರೋ ಹಿಂದೆ ಬರೆಸಿಟ್ಟ ಗಾದೆಯೊಂದಿತ್ತು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬಷ್ಟು ಮಾತ್ರ ಕಾಣುತ್ತಿತ್ತು. 'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ಕಬ್ಬಿಣದ ಕಪಾಟಿನ ಹಿಂದೆ ಸೇರಿಹೋಗಿತ್ತು. ಕಪಾಟನ್ನು ಸರಿಸಲು ಬೇರೆ ಜಾಗವಿರಲಿಲ್ಲ.

ಅವಳಿಗೆ ಕೆಲಸ ಕಲಿಸಿದ ಹಿರಿಯಾಕೆ ಮೊದಲ ವಾರವೇ ಒಂದು ಗುಟ್ಟು ಹೇಳಿಕೊಟ್ಟಿದ್ದಳು. "ನೋಡಮ್ಮಾ, ಅರ್ಧ ಚಮಚ ಅಂದ್ರೆ ಜನ ಒಂದು ಚಮಚ ಹಾಕ್ಕೋತಾರೆ. ಬೇಡವೇ ಬೇಡ ಅನ್ನು, ಅರ್ಧಕ್ಕೆ ಬರ್ತಾರೆ. ಬಟ್ಟೆ ಅಂಗಡಿಯವನು ಚೌಕಾಸಿಗೆ ಅಂತ ಮೊದಲೇ ದರ ಏರಿಸಿ ಹೇಳಲ್ವಾ, ಹಾಗೆ." ಅವಳು ಅದನ್ನು ಪಾಠದಂತೆ ನಡೆಸಿಕೊಂಡು ಬಂದಳು. ಕಡಿಮೆ ಮಾಡಿ ಎಂದು ಡಾಕ್ಟರು ಬರೆದಲ್ಲಿ ಬೇಡ ಎಂದು ಹೇಳುತ್ತಿದ್ದಳು. ಯಾವಾಗಲಾದರೊಮ್ಮೆ ಎಂಬಲ್ಲಿ ಎಂದೂ ಇಲ್ಲ ಎನ್ನುತ್ತಿದ್ದಳು. ಜನ ತಲೆಯಾಡಿಸಿ ಮನೆಗೆ ಹೋಗಿ ತಮ್ಮ ಚೌಕಾಸಿ ಮಾಡುತ್ತಿದ್ದರು.

ಆ ಚೌಕಾಸಿಯಲ್ಲಿ ನಿಸ್ಸೀಮನೆಂದರೆ ಬಸ್ ನಿಲ್ದಾಣದ ಹಿಂದಿನ ದರ್ಜಿ.

"ಸಕ್ಕರೆ ಬಿಟ್ರಾ?"

"ಬಿಟ್ಟೇಬಿಟ್ಟೆ ಮೇಡಂ."

"ಚಹಾಕ್ಕೆ?"

"ಚಹಾಕ್ಕೆ ಹಾಕೋದನ್ನ ಸಕ್ಕರೆ ಅಂತಾರಾ? ಕಹಿ ಮುರಿಯೋಕೆ ಒಂದ್ಚೂರು, ಅಷ್ಟೆ."

"ಬೇಕರಿ ತಿಂಡಿ?"

"ಶಿವಶಿವಾ, ನಾನು ಮುಟ್ಟಲ್ಲ. ಮನೆಯವಳು ತಿಂದು ಮಿಗಿಸ್ತಾಳೆ. ಎಸೆಯೋಕೆ ಮನಸ್ಸು ಬರಬೇಕಲ್ಲ!"

ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. ಒಳಗೊಳಗೇ ನಗುತ್ತಲೂ ಇದ್ದಳು, ಏಕೆಂದರೆ ದರ್ಜಿಯ ರಕ್ತದ ಸಕ್ಕರೆ ನಿಧಾನವಾಗಿ ಇಳಿಯುತ್ತಿತ್ತು. ಅವನು ಎದ್ದು ಹೋದ ಮೇಲೆ ಕೋಣೆ ಮತ್ತೆ ತಣ್ಣಗಾಗುತ್ತಿತ್ತು.

ಹೇಳಿದ್ದನ್ನೇ ತಿರುವಿ ಹೇಳಬೇಕಾದ ದಿನಗಳೂ ಬಂದವು. ಮೊಟ್ಟೆಯ ಹಳದಿ ಮುಟ್ಟಬೇಡಿ ಎಂದು ವರ್ಷಗಟ್ಟಲೆ ಹೇಳಿದ್ದಳು. ಒಂದು ದಿನ ಮೇಲಿನಿಂದ ಹೊಸ ಹಾಳೆ ಬಂತು, ಬಹುಪಾಲು ಜನಕ್ಕೆ ದಿನಕ್ಕೊಂದು ಪೂರ್ತಿ ಮೊಟ್ಟೆ ಇರಲಿ ಎಂದು. ಹಳೆಯ ಹಾಳೆಗಳ ಕಟ್ಟು ರದ್ದಿಗೆ ಹೋಯಿತು. ಮರುವಾರ ಕ್ಯಾಂಟೀನಿನವನು ಬಿಸಿ ಕರಿದ ತಿಂಡಿಯನ್ನು ಅದೇ ಹಾಳೆಯಲ್ಲಿ ಕಟ್ಟಿ ಕೊಡತೊಡಗಿದ. 'ಬೇಡ' ಎಂಬ ಅಕ್ಷರಗಳು ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ, ಎಷ್ಟೊಂದು ಮನೆಗಳಲ್ಲಿ ಎಷ್ಟೊಂದು ಮುದುಕರು ಹಳದಿಯನ್ನು ಚಮಚದಿಂದ ಎತ್ತಿ ತಟ್ಟೆಯ ಅಂಚಿಗಿಟ್ಟಿರಬಹುದು ಎಂಬ ಚಿತ್ರ ಕಣ್ಣೆದುರಿಗೆ ಬಂತು. ಹೊಸ ಹಾಳೆಯ ಸುದ್ದಿ ಅವರೆಲ್ಲರ ಮನೆ ಬಾಗಿಲಿಗೆ ಹೋಗಿ ಹೇಳುವವರಾರು?

ಅವಳದು ಮಹಡಿಯ ಮೇಲಿನ ಬಾಡಿಗೆ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಅಡುಗೆಕಟ್ಟೆಯ ಮೇಲೆ ಒಂದು ಪುಟ್ಟ ತಕ್ಕಡಿ. ಅನ್ನವನ್ನೂ ಬೇಯಿಸಿದ ತರಕಾರಿಯನ್ನೂ ತೂಗಿ, ಕಿಟಕಿಯ ಬಳಿ ನಿಂತೇ ಉಣ್ಣುತ್ತಿದ್ದಳು. ಕೂರಲು ಕುರ್ಚಿ ಇಲ್ಲವೆಂದಲ್ಲ. ಒಬ್ಬಳೇ ಕೂತರೆ ಊಟ ಬಲು ಬೇಗ ಮುಗಿಯುತ್ತಿತ್ತು, ಮತ್ತೆ ಸಂಜೆಯೆಲ್ಲ ಉಳಿಯುತ್ತಿತ್ತು. ಕೆಲವೊಮ್ಮೆ ದರ್ಜಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕದ್ದು ತಿನ್ನುವುದಕ್ಕೂ ಮನೆಯಲ್ಲಿ ಇನ್ನೊಬ್ಬರು ಇರಬೇಕು.

ಒಂದು ಬೆಳಿಗ್ಗೆ ಅಕ್ಕ ಫೋನು ಮಾಡಿದಳು. ತಾಯಿ ಇದ್ದದ್ದು ಅಕ್ಕನ ಮನೆಯಲ್ಲಿ, ಅದೇ ಊರಿನ ಇನ್ನೊಂದು ತುದಿಯಲ್ಲಿ.

"ಅಮ್ಮ ಎರಡು ತುತ್ತಿಗೆ ಎದ್ದುಬಿಡ್ತಾಳೆ ಕಣೇ. ಒಣಗಿದ ಕಡ್ಡಿ ಆಗಿದ್ದಾಳೆ. ನಿನ್ನೆ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ವಿ. ಬೀಪಿ ತೀರಾ ಕೆಳಗಿದೆ, ಇನ್ನು ಪಥ್ಯಗಿಥ್ಯ ಬೇಡ, ಉಪ್ಪು ಹಾಕಿ, ಏನು ಬೇಕಾದ್ರೂ ತಿನ್ನಲಿ ಅಂದ್ರು. ಅದನ್ನ ಹೇಳಿದ್ದೇ ತಪ್ಪಾಯ್ತು. ಆಗಿನಿಂದ ಪೂರ್ತಿ ಬಾಯಿ ಕಟ್ಟಿ ಕೂತಿದ್ದಾಳೆ. ಉಪ್ಪು ಹಾಕಿದ್ರೆ ತಟ್ಟೆ ಸರಿಸ್ತಾಳೆ."

"ಯಾಕಂತೆ?"

"ಬೀಪಿ ಏರಿದಾಗ ಉಪ್ಪು ಬೇಡ ಅಂತ ನೀನು ಹಾಕಿದ ಪಥ್ಯ ಅಲ್ವಾ? ನಾನು ಹೇಳಿದ್ರೆ ಕೇಳ್ತಾಳಾ? ನೀನು ಹಾಕಿದ ಗಂಟು, ನೀನೇ ಬಂದು ಬಿಚ್ಚು."

ಅವಳು ರಜೆ ಹಾಕಿ ಹೊರಟಳು. ಎಂದೂ ಊಟದ ಹೊತ್ತಿಗೆ ಅಕ್ಕನ ಮನೆಗೆ ಹೋದವಳಲ್ಲ. ಹೋದರೆ ಮೂರು ಗಂಟೆಯ ಮೇಲೆ, ಪಾತ್ರೆ ತೊಳೆದಾದ ಬಳಿಕ. ಇಂದು ನಡು ಮಧ್ಯಾಹ್ನಕ್ಕೆ ಬಾಗಿಲು ತಟ್ಟಿದಳು. ತೆರೆದವನು ಭಾವ.

"ಬಂತಪ್ಪಾ ತಕ್ಕಡಿ! ಏ, ಬೆಣ್ಣೆ ಡಬ್ಬಿ ಒಳಗಿಡೇ!" ಎಂದು ಅಡುಗೆಮನೆಯತ್ತ ಕೂಗಿ ಅವನು ದೊಡ್ಡದಾಗಿ ನಕ್ಕ. ಅವಳನ್ನು ನೋಡಲು ಬಂದ ಗಂಡು ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡದ್ದಕ್ಕೇ ಮದುವೆ ಮುರಿಯಿತು ಎಂಬ ಕಥೆ ಕಟ್ಟಿದವನೂ ಅವನೇ. ಅವಳೂ ನಕ್ಕಳು. ಅಡುಗೆಮನೆಯಲ್ಲಿ ನಿಜಕ್ಕೂ ಒಂದು ಡಬ್ಬಿ ಮುಚ್ಚಿದ ಸದ್ದಾಯಿತು.

ಅಕ್ಕ ತಟ್ಟೆ ಒರೆಸುತ್ತಿದ್ದಳು. ತಲೆಯೆತ್ತದೆ ಹೇಳಿದಳು. "ನೀನು ಬೇಜಾರು ಮಾಡ್ಕೋಬೇಡ. ನೀನು ಬರ್ತೀಯ ಅಂತ ಗೊತ್ತಾದ ದಿನ ಈ ಮನೇಲಿ ಯಾರೂ ನೆಮ್ಮದಿಯಾಗಿ ಉಂಡಿಲ್ಲ. ಒಂಬತ್ತು ವರ್ಷದಿಂದ ಎರಡೆರಡು ಪಾತ್ರೆ ಇಟ್ಟು ಬೇಯಿಸ್ತಿದ್ದೀನಿ. ಅಮ್ಮಂಗೊಂದು, ನಮಗೊಂದು. ಒಂದು ದಿನ ಅದಲುಬದಲಾಯ್ತು. ಒಂದೇ ತುತ್ತಿಗೆ ಅಮ್ಮ ಉಗುಳಿ ಬಾಯಿ ಮುಕ್ಕಳಿಸಿದ್ಲು, ವಿಷ ತಿಂದೋಳ ಹಾಗೆ."

ಎರಡು ಬಟ್ಟಲು ಗಂಜಿಯನ್ನು ತಂಗಿ ತಟ್ಟೆಯಲ್ಲಿ ಇಟ್ಟುಕೊಂಡಳು, ಒಂದು ಸಪ್ಪೆ, ಒಂದು ಉಪ್ಪಿನದು. ಹಿಂದಿನ ಕೋಣೆಗೆ ನಡೆದಳು.

ಅಲ್ಲಿ ಗೋಡೆಗೆ ತಾಗಿ ಒಂದು ಸಣ್ಣ ಮೇಜು, ಗೋಡೆಯತ್ತ ಮುಖ ಮಾಡಿ ಒಂದೇ ಕುರ್ಚಿ. ತಾಯಿ ಮಂಚದ ಅಂಚಿನಲ್ಲಿ ಕೂತಿದ್ದಳು. ಆ ಕುರ್ಚಿ ಯಾಕೆ ಅಲ್ಲಿದೆ ಎಂದು ಕೇಳಬೇಕೆನ್ನುವಷ್ಟರಲ್ಲಿ ನೆನಪಾಯಿತು. ಬೇರೆಯವರ ತಟ್ಟೆ ನೋಡಿದರೆ ಆಸೆಯಾಗುತ್ತದೆ, ಅಮ್ಮನಿಗೆ ಬೇರೆ ಕಡೆ, ಮೊದಲೇ ಕೊಟ್ಟುಬಿಡು ಎಂದು ಅಕ್ಕನಿಗೆ ಹೇಳಿದ್ದವಳು ತಾನೇ. ಎಲ್ಲ ರೋಗಿಗಳ ಮನೆಯವರಿಗೂ ಹಾಗೆಯೇ ಹೇಳುತ್ತಿದ್ದಳು. ಬಂದಾಗಲೆಲ್ಲ ತಾಯಿ ಮುಂದಿನ ಕೋಣೆಯಲ್ಲೇ ಸಿಗುತ್ತಿದ್ದಳು. ಅಂಥದೊಂದು ಕುರ್ಚಿಯನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

"ಬಂದ್ಯಾ ಮರಿ? ಇಳಿದುಹೋಗಿದ್ದೀಯಲ್ಲೇ."

"ನಾನಲ್ಲಮ್ಮ, ನೀನು."

"ನಂಗೆ ಇಳಿಯೋ ವಯಸ್ಸು. ನಿಂಗೇನು ಬಂತು?"

ಅವಳು ಉಪ್ಪಿನ ಬಟ್ಟಲನ್ನು ತಾಯಿಯ ಮುಂದಿಟ್ಟಳು. "ತಿನ್ನಮ್ಮ. ಉಪ್ಪು ಹಾಕಿದೆ. ಇನ್ಮೇಲೆ ನೀನು ತಿನ್ನಬಹುದು. ನಾನೇ ಹೇಳ್ತಿದ್ದೀನಿ."

ತಾಯಿ ಬಟ್ಟಲನ್ನು ನೋಡಲಿಲ್ಲ, ಮಗಳ ಮುಖವನ್ನು ನೋಡಿದಳು. "ಎಷ್ಟು ದಿನ ಅಂದ್ರು?"

"ಏನು ಎಷ್ಟು ದಿನ?"

"ನಿಮ್ಮಪ್ಪಂಗೂ ಹೀಗೇ ಅಂದ್ರು ಮರಿ. ಏನು ಬೇಕಾದ್ರೂ ತಿನ್ನಲಿ ಅಂತ. ನಾನು ಪೆದ್ದಿ, ಖುಷಿಯಾಗಿ ಓಡಿಹೋಗಿ ಸಿಹಿ ಮಾಡಿಟ್ಟೆ. ಅದು ಆರೋಷ್ಟರಲ್ಲಿ ಅವರೇ ಇರಲಿಲ್ಲ. ಬಟ್ಟಲು ಹಾಗೇ ಉಳೀತು." ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಏನೂ ತಿಂದಿರದಿದ್ದರೂ. "ಕೈ ಬಿಟ್ಟೋರಿಗೆ ತಾನೇ ಹಾಗೆ ಹೇಳೋದು? ನೀನೂ ಬಿಟ್ಯಾ?"

ಆಸ್ಪತ್ರೆಯಲ್ಲಿ ಎಷ್ಟು ಜನರಿಗೆ, ಏನು ಬೇಕಾದರೂ ತಿನ್ನಿ ಎಂಬ ಅದೇ ಮಾತನ್ನು ಉಡುಗೊರೆಯಂತೆ ಕೊಟ್ಟಿದ್ದಳೋ! ಅವಳು ಸಪ್ಪೆ ಬಟ್ಟಲನ್ನು ತನ್ನತ್ತ ಎಳೆದುಕೊಂಡು ಒಂದು ಚಮಚ ಬಾಯಿಗಿಟ್ಟಳು. ಬಿಸಿಯಿತ್ತು, ಮೃದುವಾಗಿತ್ತು, ಆದರೆ ನಾಲಗೆಗೆ ಅದು ತಿನ್ನುವ ವಸ್ತುವೆಂದೇ ಗೊತ್ತಾಗಲಿಲ್ಲ. ನೂರಾರು ಜನರಿಗೆ ಹೇಳಿದ ಊಟ ಅದು. ಅವಳ ಸ್ವಂತ ಅಡುಗೆಯಲ್ಲಿ ಕೂಡ ತೂಗಿದ ಒಂದಿಷ್ಟು ಉಪ್ಪಿರುತ್ತಿತ್ತು. ಎರಡನೆಯ ಚಮಚ ಗಂಟಲಲ್ಲಿ ಇಳಿಯಲು ಹೊತ್ತು ಹಿಡಿಯಿತು.

"ಅಮ್ಮ, ದಿನಾ ಹೀಗೇ ತಿಂದ್ಯಾ? ಒಂದು ಚಿಟಿಕೆನೂ ಹಾಕ್ಕೊಳ್ದೆ?"

"ನೀನು ಬೇಡ ಅಂದಿದ್ಯಲ್ಲ."

"ಕದ್ದಾದ್ರೂ ಹಾಕ್ಕೋಬಹುದಿತ್ತು."

"ಯಾರ ಕಣ್ಣು ತಪ್ಪಿಸೋದು? ಮಗಳದ್ದಾ?" ತಾಯಿಗೆ ನಗು ಬಂತು. "ಕೆಳಗಿನ ಮನೆಯವಳಿಗೆ ದಿನಾ ಹೇಳ್ತೀನಿ. ನನ್ನ ಮಗಳು ಹಾಕಿದ ಪಥ್ಯ, ಒಂದು ದಿನ ಮುರಿದಿಲ್ಲ ಅಂತ. ಅವಳಿಗೆ ಹೊಟ್ಟೆ ಉರಿ."

ಮಗಳು ಚಮಚ ಕೆಳಗಿಟ್ಟಳು. ಹೇಳದೆ ಬೇರೆ ದಾರಿಯಿರಲಿಲ್ಲ. "ಡಾಕ್ಟರು ಅವತ್ತು ಕಡಿಮೆ ಮಾಡಿ ಅಂದಿದ್ರು, ಅಷ್ಟೇ ಅಮ್ಮ. ಬೇಡವೇ ಬೇಡ ಅಂದದ್ದು ನಾನು. ಎಲ್ಲರಿಗೂ ಹಾಗೇ ಹೇಳೋದು. ಜನ ಹೇಗೂ ಚೌಕಾಸಿ ಮಾಡ್ತಾರೆ ಅಂತ ದರ ಏರಿಸಿ ಹೇಳ್ತೀವಿ."

ಮುಂದಿನ ಕೋಣೆಯಲ್ಲಿ ತಟ್ಟೆಗಳನ್ನಿಡುವ ಸದ್ದು. ಭಾವ ಏನೋ ಅಂದ, ಅಕ್ಕ ನಕ್ಕಳು. ಇಷ್ಟು ವರ್ಷ ತಾಯಿ ಈ ಗೋಡೆಯತ್ತ ಮುಖ ಮಾಡಿ ಆ ನಗುವನ್ನು ಕೇಳಿಸಿಕೊಳ್ಳುತ್ತ ಉಂಡಿದ್ದಳು.

"ನಂಗೂ ಏರಿಸಿ ಹೇಳಿದ್ಯಾ?" ತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ನಿನ್ನ ಹತ್ರ ಚೌಕಾಸಿ ಮಾಡ್ತೀನಾ ಮರಿ?"

ತಾಯಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈಗೆ ತೂಕವೇ ಇರಲಿಲ್ಲ. ತೂಗುವುದೇ ಕಸುಬಾದವಳಿಗೆ ಅದು ಕೂಡಲೇ ತಿಳಿಯಿತು. ಆ ಹಗುರದ ಭಯದಲ್ಲೇ ಅವಳಿಗೆ ಮಾತು ಸಿಕ್ಕಿತು. ಪಥ್ಯ ಸಡಿಲಿಸಿದರೆ ಈಕೆ ಉಣ್ಣುವವಳಲ್ಲ. ಕಟ್ಟುಪಾಡು ಹಾಕಿದರೆ ಉಂಡಾಳು.

"ಈಗ ಹೊಸ ಪಥ್ಯ ಹೇಳ್ತೀನಿ, ಕೇಳು. ತಪ್ಪೋ ಹಾಗಿಲ್ಲ."

"ತಪ್ಪಿದ್ದೀನಾ ಯಾವತ್ತಾದ್ರೂ?"

"ಉಪ್ಪು ಹಾಕಲೇಬೇಕು. ಅಕ್ಕ ತನಗೆ ಎಷ್ಟು ಹಾಕ್ಕೋತಾಳೋ ಅಷ್ಟು. ಬೇರೆ ಪಾತ್ರೆ ಇಡೋ ಹಾಗಿಲ್ಲ. ಈ ಕುರ್ಚಿ ಇಲ್ಲಿರೋ ಹಾಗಿಲ್ಲ. ಎಲ್ಲರ ಜೊತೆ, ಎಲ್ಲರೂ ಕೂತಾಗಲೇ ಊಟ."

ತಾಯಿ ಕಣ್ಣು ಕಿರಿದು ಮಾಡಿ ನೋಡಿದಳು. "ಇದರಲ್ಲಿ ಏರಿಸಿದ್ದೆಷ್ಟು?"

"ಇಲ್ಲಮ್ಮ. ಒಂದೇ ದರ."

"ಸಾಯೋರಿಗೆ ಹೇಳೋದಲ್ಲ ತಾನೇ?"

"ಸಾಯೋರಿಗೆ ಯಾರಮ್ಮ ಪಥ್ಯ ಹೇಳ್ತಾರೆ?"

ತಾಯಿ ಮಂಚದಿಂದಿಳಿದು, ಆ ಕುರ್ಚಿಯ ಬೆನ್ನನ್ನು ತಾನೇ ಹಿಡಿದು ಎಳೆಯತೊಡಗಿದಳು. ಅದರ ಕಾಲುಗಳು ನೆಲವನ್ನು ಕೆರೆಯುತ್ತ ಮುಂದಿನ ಕೋಣೆಯವರೆಗೆ ಬಂದವು. ಭಾವ ಎದ್ದು ತನ್ನ ಕುರ್ಚಿ ಸರಿಸಿ ಜಾಗ ಮಾಡಿದ. ಅಕ್ಕ ಬಡಿಸುವಾಗ ಕಣ್ಣು ಒರೆಸಿಕೊಂಡು, "ಒಗ್ಗರಣೆ ಹೊಗೆ" ಎಂದಳು. ಒಗ್ಗರಣೆ ಯಾವಾಗಲೋ ಆಗಿತ್ತು.

ತಾಯಿ ಹೆಚ್ಚೇನೂ ಉಣ್ಣಲಿಲ್ಲ. ಮೊದಲ ತುತ್ತಿಗೆ ಮುಖ ಕಿವಿಚಿದಳು. ಎರಡನೆಯದನ್ನು ಬಾಯಲ್ಲೇ ಇಟ್ಟುಕೊಂಡು ಕೂತಳು, ಮರೆತ ಹೆಸರೊಂದನ್ನು ನೆನಪಿಸಿಕೊಳ್ಳುವವಳ ಹಾಗೆ. ಬಟ್ಟಲು ಅರ್ಧವಾದಾಗ, "ಇವತ್ತಿಗೆ ಇಷ್ಟು. ನಾಳೆ ಇನ್ನೊಂದೆರಡು ತುತ್ತು" ಎಂದಳು. ಹುರಿದ ಆಲೂಗಡ್ಡೆಯ ಪಾತ್ರೆಯನ್ನು ಮಗಳತ್ತ ತಳ್ಳಿ ಕೇಳಿದಳು.

"ಅಲ್ಲಿ ನೀನು ಯಾರ ಜೊತೆ ಉಣ್ತೀಯ?"

"ಆಸ್ಪತ್ರೇಲಿ ಎಲ್ಲರೂ ಇರ್ತಾರಲ್ಲಮ್ಮ. ಒಟ್ಟಿಗೇ ಕೂರ್ತೀವಿ."

ಅದು ಏರಿಸಿ ಹೇಳಿದ ದರ. ತಾಯಿ ಚೌಕಾಸಿ ಮಾಡಲಿಲ್ಲ. ಹೇಳಿದ್ದನ್ನು ಪೂರ್ತಿ ನಂಬಿ ತಲೆಯಾಡಿಸಿದಳು.

ಹೊರಡುವಾಗ ಅಕ್ಕ ಒಂದು ಡಬ್ಬಿಯನ್ನು ಕೈಗಿಟ್ಟಳು. ಎಷ್ಟೋ ವರ್ಷಗಳ ಮೇಲೆ ಈ ಮನೆಯಿಂದ ಅವಳಿಗೆ ಏನಾದರೂ ಕಟ್ಟಿಕೊಟ್ಟದ್ದು ಅಂದೇ. ಮಹಡಿಯ ಮನೆಗೆ ಬಂದು ಡಬ್ಬಿಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟಳು. ತಕ್ಕಡಿಯ ಮೇಲೆ ಇಡಲಿಲ್ಲ, ತೆರೆಯಲೂ ಇಲ್ಲ.

ಮರುದಿನ ಮಧ್ಯಾಹ್ನ ಊಟದ ಕೋಣೆಯ ಬಾಗಿಲ ಹೊರಗೆ ಅವಳು ಸ್ವಲ್ಪ ಹೊತ್ತು ನಿಂತಳು. ಒಳಗೆ ಯಾರೋ ಯಾರನ್ನೋ ಛೇಡಿಸುತ್ತಿದ್ದರು. ತಳ್ಳಿದಳು. ಟಪ್, ಚಟಕ್, ಟಪ್.

"ಬನ್ನಿ ಮೇಡಂ, ನಮ್ದು ಈಗ್ತಾನೇ..."

ಅವಳು ನೀರಿನ ನಲ್ಲಿಯತ್ತ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಅಕ್ಕನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ ತಣ್ಣಗಾಗಿದ್ದರೂ ಅದರ ವಾಸನೆ ಮೇಜಿನ ಉದ್ದಕ್ಕೂ ಹೋಯಿತು. ಡಬ್ಬಿಯನ್ನು ನಡುವಿಗೆ ಸರಿಸಿದಳು.

ಎಕ್ಸ್‌ರೇ ಹುಡುಗಿ ಡಬ್ಬಿಯನ್ನೂ ಅವಳನ್ನೂ ನೋಡಿದಳು. "ಇದು ಯಾರದು ಮೇಡಂ?"

"ನಂದು. ನಮ್ಮಕ್ಕ ಮಾಡಿದ್ದು."

"ಬೆಣ್ಣೆನಾ?"

"ಬೆಣ್ಣೆನೇ. ಉಪ್ಪೂ ಇದೆ."

ಯಾರೋ ನಗಲು ಹೋಗಿ ಸುಮ್ಮನಾದರು. ಇದು ಪರೀಕ್ಷೆಯೋ ಏನೋ ಎಂದು ಒಬ್ಬರನ್ನೊಬ್ಬರು ನೋಡಿಕೊಂಡರು. ಹುಡುಗಿಯ ಕೈ ಇನ್ನೂ ತನ್ನ ಮುಚ್ಚಳದ ಮೇಲೆಯೇ ಇತ್ತು. ಪಥ್ಯದಮ್ಮ ಒಂದು ಚೂರನ್ನೂ ಬಾಯಿಗಿಡದೆ, ಆ ಕೈಯನ್ನು ನೋಡುತ್ತ ಕಾದು ಕೂತಳು.