ಮಣಿಗಾಗಿ ಬಿಸಾಡಿದ ಬೆಳ್ಳಿ ದೂಳು

ಮೊನ್ನೆ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಹೊಸ ರಬ್ಬರ್ ಗ್ಲೌಸಿನ ಡಬ್ಬಿ ತೆರೆದೆ. ಆ ಪೌಡರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೇಲಂನ ನಮ್ಮ ಪಕ್ಕದ ಮನೆ ಅತ್ತೆ ನೆನಪಾದರು. ರಕ್ತಸಂಬಂಧವೇನಿರಲಿಲ್ಲ, ಇಡೀ ಬೀದಿಗೆ ಅವರು ಅತ್ತೆ. ಮುಂದಿನ ಕೋಣೆಯಲ್ಲಿ ಮೈದುನನ ಜೊತೆ ಕೂತು ಬೆಳ್ಳಿ ಕಾಲ್ಗೆಜ್ಜೆಗೆ ಬೆಸುಗೆ ಹಾಕುತ್ತಿದ್ದರು. ಕಾಲ ಬಳಿ ಅವರ ನಾಯಿ, ಮಣಿ.

ಮಣಿಯ ದವಡೆಯ ಕೆಳಗೆ ಗಂಟುಗಳೆದ್ದವು. ಕ್ಯಾನ್ಸರ್, ಪೂರ್ತಿ ಗುಣವಾಗದು, ವಾರಕ್ಕೊಂದು ಕೀಮೋ ಇಂಜೆಕ್ಷನ್ ಕೊಟ್ಟರೆ ಕೆಲವು ತಿಂಗಳು ನೆಮ್ಮದಿಯಾಗಿ ಇರಬಹುದು ಎಂದರು ಡಾಕ್ಟರು. ಅತ್ತೆ ಹೂಂ ಎಂದುಬಿಟ್ಟರು. ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದೆ. ಗುಣವಾಗದ ಮೇಲೆ ಸೂಜಿ ಚುಚ್ಚಿಸುವುದು ಪ್ರೀತಿಯಲ್ಲ, ನಿಮ್ಮ ಸಮಾಧಾನಕ್ಕೆ ಅದಕ್ಕೆ ಹಿಂಸೆ ಎಂದು ವಾದಿಸಿದೆ. ಅತ್ತೆ ಇಂಜೆಕ್ಷನ್ನಿನ ದಿನ ಮಣಿಯ ಕಾಲು ಹಿಡಿಯಲು ನನ್ನನ್ನೇ ಕರೆದೊಯ್ದರು.

ಮದ್ದು ಎರಡು-ಮೂರು ದಿನ ಉಚ್ಚೆಯಲ್ಲಿ ಹೊರಬರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ ಎಂದಿದ್ದರು ಡಾಕ್ಟರು. ಮರುದಿನ ಮಣಿ ಕೆಲಸದ ಕೋಣೆಯಲ್ಲೇ ಉಚ್ಚೆ ಮಾಡಿತು. ಅತ್ತೆ ಎಂದಿನ ಅಭ್ಯಾಸದಂತೆ ನೆಲದ ದೂಳನ್ನು ಬರಿಗೈಯಲ್ಲೇ ಬಳಿದು ಡಬ್ಬಿಗೆ ತುಂಬಿದರು. ಬೆಳ್ಳಿ ಕೆಲಸದ ಮನೆಯಲ್ಲಿ ಕಸ ಎಸೆಯುವುದಿಲ್ಲ, ಕರಗಿಸಿದರೆ ಅದರಲ್ಲೂ ಬೆಳ್ಳಿ ಸಿಗುತ್ತದೆ. ನಾನು ಕೂಗಾಡಿ ಕೈ ತೊಳೆಸಿದೆ, ಗ್ಲೌಸು ತಂದುಕೊಟ್ಟೆ. ಉಚ್ಚೆ ಬೆರೆತ ಆ ಡಬ್ಬಿಯಲ್ಲಿ ತಿಂಗಳಿಂದ ಕೂಡಿಟ್ಟಿದ್ದ ದೂಳನ್ನೆಲ್ಲ ಕಟ್ಟಿ ಬಿಸಾಡಬೇಕಾಯಿತು...

ಮೈದುನ ಸಿಡಿದರು. "ನಾಯ್ಗೆ ಕೀಮೋವಾ ಅತ್ಗೆ? ನಾಳೆ ಕೋಳಿಗೆ ಡಯಾಲಿಸಿಸ್ ಮಾಡ್ಸಿ. ಇದ್ನ ಒರ್ಗಾಕಿ, ಇಲ್ಲಾಂದ್ರೆ ನಾನ್ ಬ್ಯಾರೆ ಕಡೆ ಓಯ್ತೀನಿ."

ಅತ್ತೆ ಕೈಯಲ್ಲಿದ್ದ ಚಿಮಟ ಕೆಳಗಿಡಲೂ ಇಲ್ಲ. "ಓಗಪ್ಪ. ದೂಳು ನಾಳೆನೂ ಬೀಳ್ತದೆ. ಮಣಿ ಇನ್ನೆಷ್ಟ್ ದಿನ ಇರ್ತದೆ, ನೀನೇ ಯೋಳು."

ಮೈದುನ ಹೋಗಿಯೇಬಿಟ್ಟರು. ಇಬ್ಬರ ಕೆಲಸವನ್ನು ಅತ್ತೆ ಒಬ್ಬರೇ ಎಳೆದರು. ಒಂದು ವಾರವೂ ಇಂಜೆಕ್ಷನ್ ತಪ್ಪಿಸಲಿಲ್ಲ.

ಗಂಟುಗಳು ಕರಗಿದವು. ಮಣಿ ಮೊಸರನ್ನ ತಿಂದಿತು, ಹಾಲಿನವನ ಬೈಕಿನ ಹಿಂದೆ ಓಡಿತು. ಪವಾಡ ಎನ್ನಬೇಡಿ, ನಾನು ಒಪ್ಪುವುದಿಲ್ಲ. ಎಂಟು ತಿಂಗಳಿಗೆ ಗಂಟುಗಳು ಮರಳಿ ಬಂದವು, ಮಣಿ ಹೋಯಿತು. ಆದರೆ ಆ ಎಂಟು ತಿಂಗಳನ್ನು ಹಿಂಸೆ ಎಂದು ಸಾಬೀತು ಮಾಡಲು ಇಂದಿಗೂ ನನ್ನ ಬಳಿ ಒಂದು ಸಾಕ್ಷಿಯೂ ಇಲ್ಲ.

ಹೋದ ವರ್ಷ ಅತ್ತೆಯೂ ತೀರಿಕೊಂಡರು. ಈಗ ಯಾರಾದರೂ ನಾಯಿಗೆಲ್ಲ ಯಾಕೆ ಕೀಮೋ ಎಂದರೆ ಅತ್ತೆಯ ಪರವಾಗಿ ನಿಂತು ವಾದಿಸುತ್ತೇನೆ, ಒಂದಿಂಚೂ ಬಿಟ್ಟುಕೊಡುವುದಿಲ್ಲ. ನಿಮ್ಮದೇ ಸರಿ ಅತ್ತೆ ಎಂದು ಅವರಿದ್ದಾಗ ಒಂದು ಸಲವೂ ಹೇಳಲಿಲ್ಲ... ಅವರೊಬ್ಬರಿಗೆ ಹೇಳದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.